ಮುನಿಸ್ವಾಮಣ್ಣನ ಮೀಸೆಯೂ ಐದು ಬಲೂನೂ

ಮುನಿಸ್ವಾಮಣ್ಣ ನಡೆದಿದ್ದನ್ನು ನಾನು ಕಂಡಿಲ್ಲ. ಹಾಲಿಗೆ ಹೋದರೂ ಓಟ, ಸಾವಿನ ಮನೆಗೆ ಹೋದರೂ ಓಟ! ಹೆಗಲ ಮೇಲೆ ಬಲೂನು ಹೊಡೆಯೋ ತುಪಾಕಿ, ಮೂಗಿನ ಕೆಳಗೆ ಎರಡು ಅಳಿಲಿನ ಬಾಲ ಅಂಟಿಸಿದಂಥ ಮೀಸೆ. ಮಿಲಿಟರಿಯಲ್ಲಿ ತಮಿಳರ ಜೊತೆ ಇದ್ದು ಬಂದವರು. ಹುರುಪು ಹತ್ತಿದರೆ ಬಾಯಲ್ಲಿ ತಮಿಳೇ.

ನಾನು ನಾಟ್ರಾಂಪಾಳ್ಯದ ಗುಡ್ಡದವನು. ಮೂರನೇ ಕ್ಲಾಸಿಗೇ ಓದಿಗೆ ಕೈ ಮುಗಿದು, ಹೊಸೂರಲ್ಲಿ ಫ್ಯಾಕ್ಟ್ರಿಗಳು ಏಳ್ತಿದ್ದ ಕಾಲದಲ್ಲಿ ಕೂಲಿಗೆ ಇಳಿದು ಬಂದಿದ್ದೆ. ತಮಿಳು ಒಂದಕ್ಷರ ಬರ್ತಿರಲಿಲ್ಲ. ನಾನು ಬಸ್ಸಿನ ಹಿಂದೆ ಓಡಿದ್ದು ನೋಡಿ ಅಣ್ಣ ಹಿಡಕೊಂಡರು. "ಬಾರ್ಲಾ, ನಿನ್ಗೊಂದು ಆಟ ಕಲಿಸ್ತೀನಿ."

ಕೆರೆ ಸುತ್ತ ಎರಡು ಸುತ್ತು ಓಡಬೇಕು, ನಿಂತು ಐದು ಬಲೂನು ಹೊಡೆಯಬೇಕು, ಮತ್ತೆ ಒಂದು ಸುತ್ತು. ಓಡಿ ಬಂದವನ ಎದೆ ಡಬಡಬ, ತುಪಾಕಿ ಗಡಗಡ. "ಓಡಾದು ಕಾಲು ಕಣ್ಲಾ, ಹೊಡಿಯಾದು ಉಸ್ರು. ಉಸ್ರು ಬಿಟ್ಟು, ಅರೆಗಳಿಗೆ ಸತ್ತೋಗು. ಆಗ ಹೊಡಿ!" ಅನ್ನೋರು. ನಾನು ದಿನಾ ಐದು ಸಲ ಸಾಯ್ತಿದ್ದೆ.

ಬಾಗಲೂರಿನವರ ಮೇಲೆ ಪಂದ್ಯ ಬಿತ್ತು. ಆಣೆ ಇಟ್ಟರಲ್ಲ ಅಣ್ಣ, ಊರ ಮುಂದೆ! "ನಮ್ಮುಡುಗ ಸೋತ್ರೆ ಈ ಮೀಸೆ ಬೋಳಿಸ್ಬುಡ್ತೀನಿ!"

ಆ ಮೀಸೆಯನ್ನು ಹೊತ್ತುಕೊಂಡೇ ನಾನು ಓಡಿದೆ ಅನ್ನಿ. ಮೊದಲು ಬಂದೆ. ಮೂರು ಬಲೂನು ಢಂ ಢಂ ಢಂ. ಅಷ್ಟರಲ್ಲಿ ಬಾಗಲೂರಿನವನೂ ಬಂದು ಪಕ್ಕಕ್ಕೆ ನಿಂತ. ಅಣ್ಣನಿಗೆ ಹುರುಪು ನೆತ್ತಿಗೇರಿತು. "ಡೇಯ್! ಸುಡುಡಾ! ಸುಡು!"

ತಮಿಳಲ್ಲಿ ಸುಡು ಅಂದರೆ ಗುಂಡು ಹೊಡಿ ಅಂತ. ನನಗೇನು ಗೊತ್ತು? ನಮ್ಮಲ್ಲಿ ಸುಡು ಅಂದರೆ ಸುಡೋದೇ! ಗುರು ಹೇಳಿದ ಮೇಲೆ ಕೇಳೋದೇನು? ತುಪಾಕಿ ಕೆಳಗಿಟ್ಟು, ಬಲೂನಿನ ಹತ್ತಿರ ಓಡಿ, ಸೊಂಟದಿಂದ ಬೆಂಕಿಪೊಟ್ಟಣ ತೆಗೆದು, ಉಳಿದೆರಡಕ್ಕೂ ಕಡ್ಡಿ ಗೀರಿ ತಗುಲಿಸಿದೆ. ಢಂ! ಢಂ! ಬಾಗಲೂರಿನವನು ತುಪಾಕಿ ಬಿಟ್ಟು ನೆಲಕ್ಕೆ ಬಿದ್ದು ನಕ್ಕ. ಈಗಲೂ ಕತೆ ಇಲ್ಲಿಗೆ ಬಂದಾಗ ನನ್ನ ಮೊಮ್ಮಗಳು, "ತಾತಾ, ಇನ್ನೊಂದ್ಸಲ ಸುಡು!" ಅಂತ ಹೊಟ್ಟೆ ಹಿಡಕೊಳ್ತಾಳೆ.

ಅಣ್ಣ ವಾದಕ್ಕೆ ನಿಂತರು. "ಒಡೀಬೇಕು ಅಂದ್ರಿ, ಒಡ್ದವ್ನೆ! ಹೆಂಗೆ ಅಂತ ಹೇಳಿದ್ರಾ?" ತೀರ್ಪುಗಾರರು ಕಣ್ಣೀರು ಒರೆಸಿಕೊಳ್ತಾನೇ ಬಾಗಲೂರು ಗೆದ್ದಿತು ಅಂದರು.

ಕ್ಷೌರದಂಗಡಿ ಮುಂದೆ ನಾನು ಗೊಳೋ ಅಂತ ಅತ್ತೆ. ಒಂದು ಕಡೆ ಬೋಳಾಗಿದ್ದ ಅಣ್ಣ ತಿರುಗಿ, "ತಪ್ಪು ನಂದು ಕಣ್ಲಾ. ನಿಂಗೆ ತಿಳಿಯೋ ಮಾತಲ್ಲಿ ಕೂಗ್ಬೇಕಾಗಿತ್ತು" ಅಂದರು.

ವರ್ಷಗಳಾದ ಮೇಲೆ ಜೂಜುವಾಡಿಯಲ್ಲಿ ಬಸ್ಸಿಗೆ ನಿಂತಿದ್ದಾಗ ಸಿಕ್ಕರು. ಬೋಳು ತುಟಿ. ಗುರುತೇ ಹತ್ತಲಿಲ್ಲ.

"ಯಾಕಣ್ಣ, ಮತ್ತೆ ಮೀಸೆ ಬಿಡ್ಲೇ ಇಲ್ಲ?"

"ಬೋಳಿಸ್ದಾಗ್ಲೇ ಕಣ್ಲಾ ತಿಳಿದಿದ್ದು. ಮೀಸೆ ಇಲ್ದಿದ್ರೆ ಉಸ್ರು ಎಷ್ಟು ಸಲೀಸು ಗೊತ್ತಾ! ಈಗ ಒಂದು ಗುರೀನೂ ತಪ್ಪಲ್ಲ!"

ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಕೇಳೋಣ ಅಂದರೆ ಅವರು ಮತ್ತೆ ಸಿಗಲಿಲ್ಲ. ತೀರಿಕೊಂಡುಬಿಟ್ಟರು. ನಾನಂತೂ ಅವತ್ತಿಂದ ಮೀಸೆ ಬೆಳೆಸಿಲ್ಲ.