ಇದ್ದಿಲ ಚಿತ್ರದಲ್ಲಿ ಸಿಕ್ಕಿಬಿದ್ದ ಫಿಲೋಮೆನ್

ಫ್ರಾನ್ಸಿನ ಮೊರ್ವಾನ್ ಕಾಡಂಚಿನ ಆ ಹಳ್ಳಿಯಲ್ಲಿ ಫಿಲೋಮೆನ್‌ಳ ನಡಿಗೆ ಯಾರಿಗೆ ಗೊತ್ತಿಲ್ಲ? ಐವತ್ತು ವರ್ಷ ಸೌದೆ ಹೊತ್ತು ಎಡಭುಜ ಇಳಿದುಹೋಗಿತ್ತು. ಗಂಡ ಸತ್ತ ಮೇಲೆ ಅವಳಿಗೆ ಉಳಿದವಳು ಹಾಸಿಗೆ ಹಿಡಿದ ಅಕ್ಕ ಉರ್ಸುಲ್ ಒಬ್ಬಳೇ.

ಬಿದ್ದ ಒಣಕಡ್ಡಿ, ಪುರಳೆ ಆರಿಸಬಹುದು, ಹಸಿಮರಕ್ಕೆ ಕತ್ತಿ ಹಾಕಕೂಡದು ಎಂಬುದು ಕಾಡಿನ ಕಟ್ಟಳೆ. ಆ ಜನವರಿಯಲ್ಲಿ ಪುರಳೆಯೆಲ್ಲ ಮೊಣಕಾಲುದ್ದ ಹಿಮದಡಿ ಹೂತುಹೋಗಿತ್ತು. ಅಕ್ಕನ ಹಲ್ಲು ಕಟಕಟಿಸುವುದನ್ನು ಕೇಳಲಾರದೆ ಫಿಲೋಮೆನ್ ಕೆರೆಯ ಪಕ್ಕ ಎಳೆಯ ಓಕ್ ಮರವೊಂದನ್ನು ಕಡಿದು ಎಳೆದುಕೊಂಡು ಹೋದಳು. ಆಚೆ ದಡದಲ್ಲಿ ಕೂತು ಪ್ಯಾರಿಸಿನ ಚಿತ್ರಗಾರ ದೆಲ್ಮಾ ಇದ್ದಿಲಿನಲ್ಲಿ ಕೆರೆ ಬರೆಯುತ್ತಿದ್ದುದು ಅವಳ ಕಣ್ಣಿಗೆ ಬೀಳಲಿಲ್ಲ.

ಸಂಜೆ ಹೆಂಡದಂಗಡಿಯಲ್ಲಿ ಅವನು ಚಿತ್ರವನ್ನು ಗೋಡೆಗೆ ಒರಗಿಸಿದ್ದ. ಕಾಡಿನ ಕಾವಲುಗಾರ ಗಾಂದ್ವಾ ಲೋಟ ಹಿಡಿದು ಬಂದ.

“ಏನ್ ಸ್ವಾಮಿ, ಬರೀ ಮಸಿ ಬಳ್ದಿದ್ದೀರಲ್ಲ!” ಎಂದು ನಕ್ಕವನು ಬಗ್ಗಿ ನೋಡಿದ. “ತಾಳಿ, ಇದು ನಮ್ ಕೆರೆ. ಈ ಭುಜಾನೂ ನಂಗೊತ್ತು. ಹಸಿಮರ ಎಳ್ಕೊಂಡ್ ಹೋಗ್ತಾವ್ಳೆ. ಯಾವತ್ತು ಬರ್ದಿದ್ದು?”

“ಇವತ್ತೇ,” ಎಂದ ದೆಲ್ಮಾ, ಹೆಮ್ಮೆಯಿಂದ.

ಗಾಂದ್ವಾ ಲೋಟ ಇಟ್ಟು ಹೊರಟೇಹೋದ. ಅಂಗಡಿಯ ಒಡತಿ ಮದ್ಲಾನ್ ಹಣೆ ಚಚ್ಚಿಕೊಂಡಳು. “ಅಯ್ಯೋ ಪುಣ್ಯಾತ್ಮ, ಆ ಮುದುಕೀನ ಹಿಡ್ದು ಕೊಟ್ಬಿಟ್ರಲ್ಲ!”

ದೆಲ್ಮಾ ಚಿತ್ರವನ್ನು ತನ್ನತ್ತ ಎಳೆದುಕೊಂಡ. ಇದ್ದಿಲು ಒರೆಸಲು ಇಟ್ಟುಕೊಂಡಿದ್ದ ರೊಟ್ಟಿಯ ಮೆದು ತಿರುಳಿನಿಂದ ಆ ಹೆಂಗಸಿನ ಆಕೃತಿಯನ್ನು ತಿಕ್ಕಿ ತಿಕ್ಕಿ ಅಳಿಸಿದ.

ಗಾಂದ್ವಾ ಫಿಲೋಮೆನ್‌ಳನ್ನು ಹಿಡಿದು ತಂದ; ನ್ಯಾಯಾಧೀಶರ ಮುಂದೆ ಚಿತ್ರವೇ ಸಾಕ್ಷಿಯಾಗಿ ಬಂತು. “ಇದರಲ್ಲಿ ಯಾರೂ ಇಲ್ಲ,” ಎಂದು ದೆಲ್ಮಾ ವಾದಿಸಿದ. ಒರೆಸಿದ ಕಡೆ ಬೂದುಬಣ್ಣದ ಭುಜವೊಂದು ಇನ್ನೂ ಉಳಿದಿತ್ತು.

ಫಿಲೋಮೆನ್ ಎದ್ದು ನಿಂತಳು. “ನಾನೇ ಸ್ವಾಮಿ. ಅವ್ರ ಬಾಯಲ್ಲಿ ಯಾಕೆ ಸುಳ್ಳು ಹೇಳಿಸ್ತೀರಿ? ಚಳಿ ತಡೀಲಿಲ್ಲ, ಕಡ್ದೆ.”

ಎಂಟು ದಿನ ಜೈಲಾಯಿತು. ಉರ್ಸುಲ್‌ಳನ್ನು ನೋಡಿಕೊಳ್ಳುತ್ತೇನೆಂದು ಮದ್ಲಾನ್ ಮಾತು ಕೊಟ್ಟಿದ್ದಳು. ಆದರೆ ಎರಡು ದಿನ ಹಿಮ ಬಿದ್ದು ದಾರಿಯೇ ಮುಚ್ಚಿಹೋಯಿತು. ಐದನೆಯ ದಿನ ಮದ್ಲಾನ್ ಜೈಲಿಗೆ ಬಂದು ಉರ್ಸುಲ್‌ಳ ಜಪಮಾಲೆಯನ್ನು ಫಿಲೋಮೆನ್‌ಳ ಕೈಗಿಟ್ಟಳು. ಅಕ್ಕ ಹೋದಳೆಂದು ಅವಳಿಗೆ ತಿಳಿಯಿತು.

“ಒಲೇಲಿ ಬೆಂಕಿ ಇತ್ತೇನೇ?”

“ಆರಿತ್ತು ಕಣಕ್ಕಾ.”

ಬಿಡುಗಡೆಯಾದ ದಿನ ದೆಲ್ಮಾ ಅವಳ ಮನೆಬಾಗಿಲಲ್ಲಿ ಕಾದಿದ್ದ. ಅವಳ ಆಕೃತಿಯನ್ನು ಮತ್ತೆ ಬರೆದು ಚಿತ್ರ ತಂದಿದ್ದ. “ನಿಮಗೇ ಇರಲಿ ಅಮ್ಮಾ.”

“ನಂಗ್ಯಾಕಪ್ಪಾ ಅದು?” ಎಂದು ಅವಳು ಬಾಗಿಲು ಹಾಕಿಕೊಂಡಳು.

ಆಮೇಲೆ ಅವಳು ಕಾಡಿನ ಕಡೆ ತಲೆ ಹಾಕಲಿಲ್ಲ. ಮದ್ಲಾನ್‌ಳ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿಕೊಂಡು ಇನ್ನೆರಡು ಚಳಿಗಾಲ ಬದುಕಿದಳು. ಎಷ್ಟು ಕರೆದರೂ ಒಲೆಯ ಹತ್ತಿರ ಕೂರುತ್ತಿರಲಿಲ್ಲವಂತೆ.