ಒಂದೇ ಸಲ ಕರೆದರೂ

ಆಂಟಿಯ ಬಲಗಿವಿಗೆ ಮೇಲಂಚು ಇರಲಿಲ್ಲ. ಇಲಿ ಕಚ್ಚಿದ ರೊಟ್ಟಿಯ ಹಾಗೆ ಅಲ್ಲೊಂದು ಚೂರು ಕಡಿಮೆ. ಅದರ ಕೆಳಗೆ ಏಳು ಹರಳಿನ ವಜ್ರದ ಓಲೆ ಫಳಫಳ ಹೊಳೆಯುತ್ತಿತ್ತು. ಮೊದಲ ಸಲ ಕಂಡವರು ಓಲೆ ನೋಡುವುದೋ ಕಿವಿ ನೋಡುವುದೋ ತಿಳಿಯದೆ ಕಣ್ಣು ತಪ್ಪಿಸುತ್ತಿದ್ದರು. ಅವರ ಸಂಕಟವನ್ನು ಆಂಟಿಯೇ ಪರಿಹರಿಸುತ್ತಿದ್ದರು. "ನೋಡಿ, ಪರವಾಗಿಲ್ಲ. ಫ್ರಾಸ್ಟ್‌ಬೈಟ್, ಚಳಿ ತಿಂದ್ಹಾಕಿದ್ದು. ಟೋಪಿ ಹಾಕ್ಕೊಳ್ಳಿ ಅಂತ ನಾನು ಬಾಯಲ್ಲಿ ಹೇಳೋದಕ್ಕಿಂತ ಇದು ಚೆನ್ನಾಗಿ ಹೇಳುತ್ತೆ."

ಅವರು ನನಗೆ ಸಿಕ್ಕಿದ್ದು ಅಮೆರಿಕದ ಐಸೆಲಿನ್ ಎಂಬ ಊರಿನ ಒಂದು ದಿನಸಿ ಅಂಗಡಿಯಲ್ಲಿ, ಕರಿಬೇವಿನ ಪೊಟ್ಟಣಗಳ ಮುಂದೆ. ನಾನಾಗ ಹೋಬೋಕನ್‌ನಲ್ಲಿ ರೂಮು ಹಿಡಿದು ದಿನವೂ ನದಿ ದಾಟಿ ಕೆಲಸಕ್ಕೆ ಹೋಗುತ್ತಿದ್ದ ಹೊಸಬಳು. ಅದು ನನ್ನ ಮೊದಲ ಚಳಿಗಾಲ. ರಸ್ತೆಯಲ್ಲಿ ಹಿಮ ಕೊಚ್ಚೆಯಾಗಿತ್ತು, ನನ್ನ ಕಾಲಲ್ಲಿ ಬೆಂಗಳೂರಿನಿಂದ ತಂದ ಬಟ್ಟೆ ಶೂ. ಯಾರೋ ನನ್ನ ಪಾದವನ್ನೇ ನೋಡುತ್ತಿದ್ದಾರೆ ಅನಿಸಿ ತಲೆ ಎತ್ತಿದರೆ ಮಂಕಿ ಕ್ಯಾಪ್ ಹಾಕಿದ ಹೆಂಗಸೊಬ್ಬರು ನಿಂತಿದ್ದರು.

"ಕನ್ನಡದೋರಾ?"

"ಹೌದು. ಹೇಗೆ ಗೊತ್ತಾಯ್ತು?"

"ಕರಿಬೇವಿನ ರೇಟ್ ನೋಡಿ ಕನ್ನಡದಲ್ಲೇ ಬೈದ್ರಲ್ಲ. ಅದಿರ್ಲಿ, ಈ ಶನಿವಾರ ಏನ್ಮಾಡ್ತೀರಿ?"

"ಏನಿಲ್ಲ. ನಿದ್ದೆ."

"ನಿದ್ದೆ ಬೇಸಿಗೇಲಿ ಮಾಡಿ. ಸ್ಕೀಯಿಂಗ್‌ಗೆ ಕರ್ಕೊಂಡು ಹೋಗ್ತೀನಿ, ಬನ್ನಿ."

ಗುರುತಿಲ್ಲದವಳನ್ನು ಹೀಗೆ ಕರೆದವರು ಈ ದೇಶದಲ್ಲಿ ಅವರೊಬ್ಬರೇ. ನಾನು ಹ್ಞೂಂ ಅಂದೆ.

ಪ್ರತಿ ಚಳಿಗಾಲ ಆಂಟಿ ತಮ್ಮ ಹಳೆಯ ವ್ಯಾನಿನಲ್ಲಿ ಹೊಸಬರನ್ನು ತುಂಬಿಕೊಂಡು ಉತ್ತರದ ಅಡಿರಾಂಡಕ್ ಬೆಟ್ಟಗಳಿಗೆ ಡ್ರೈವ್ ಮಾಡುತ್ತಿದ್ದರು. ಮದುವೆಯಾಗಿ ಬಂದು, ಕೆಲಸ ಮಾಡಲು ವೀಸಾ ಇಲ್ಲದೆ ದಿನವಿಡೀ ಕಿಟಕಿ ನೋಡುತ್ತ ಕೂತ ಹುಡುಗಿಯರು, ಓದಲು ಬಂದು ನೂಡಲ್ಸ್ ತಿಂದು ಸೊರಗಿದ ಹುಡುಗರು, ನನ್ನಂಥ ಒಂಟಿ ಇಂಜಿನಿಯರುಗಳು. ಅಲ್ಲಿ ಅವರು ಕಲಿಸುತ್ತಿದ್ದುದು ಬೆಟ್ಟದಿಂದ ಕೆಳಕ್ಕೆ ನುಗ್ಗುವ ಸ್ಕೀಯಿಂಗ್ ಅಲ್ಲ. ಕಾಡಿನೊಳಗಿನ ಸಮತಟ್ಟು ದಾರಿಯಲ್ಲಿ ಸಪೂರವಾದ ಸ್ಕೀ ಹಲಗೆ ಕಾಲಿಗೆ ಕಟ್ಟಿಕೊಂಡು ಒಂದೊಂದೇ ಹೆಜ್ಜೆ ಜಾರಿಸುತ್ತ ಸಾಗುವುದು. "ಮೊದಲು ಬೀಳೋದು ಕಲೀರಿ" ಎನ್ನುತ್ತಿದ್ದರು. "ಹಿಂದಕ್ಕೆ ಬೇಡ, ಪಕ್ಕಕ್ಕೆ. ಭಾನುವಾರ ಮಧ್ಯಾಹ್ನ ಸೋಫಾ ಮೇಲೆ ಒರಗಿದ ಹಾಗೆ." ನಾವು ಬಿದ್ದೆವು, ಮನಸಾರೆ ಬಿದ್ದೆವು. ಎದ್ದವರು ಬಿದ್ದವರನ್ನು ನೋಡಿ ನಕ್ಕು ಮತ್ತೆ ಬೀಳುತ್ತಿದ್ದರು. ಆಂಟಿ ಒಂದು ಹಿಡಿ ಹಿಮ ಎತ್ತಿ ಬೆರಳಲ್ಲಿ ಉಜ್ಜಿ, "ಇವತ್ತು ಚಿರೋಟಿ ರವೆ, ಚೆನ್ನಾಗಿ ಜಾರುತ್ತೆ" ಎಂದೋ, "ಛೆ, ಇಡ್ಲಿ ಹಿಟ್ಟು, ಕಾಲು ಕಚ್ಕೊಳುತ್ತೆ" ಎಂದೋ ತೀರ್ಪು ಕೊಡುತ್ತಿದ್ದರು. ಮಧ್ಯಾಹ್ನ ಮರದ ದಿಮ್ಮಿಯ ಮೇಲೆ ಕೂತು ಪುಳಿಯೋಗರೆ ತಿನ್ನುತ್ತಿದ್ದೆವು. ಜಾಕೆಟಿನ ಜೇಬಿನಲ್ಲಿಟ್ಟ ಕೋಡುಬಳೆ ಚಳಿಗೆ ಕಲ್ಲಾಗುತ್ತಿತ್ತು. ನನಗೆ ಅಮೆರಿಕ ಇಷ್ಟವಾಗತೊಡಗಿದ್ದು ಆ ದಿಮ್ಮಿಯ ಮೇಲೆ, ಆಫೀಸಿನಲ್ಲಲ್ಲ.

ಕಾಡಿಗೆ ಇಳಿಯುವ ಮುಂಚೆ ಆಂಟಿ ಎರಡು ಮಾತು ಹೇಳುತ್ತಿದ್ದರು, ಆಗ ಮಾತ್ರ ಮುಖದಲ್ಲಿ ತಮಾಷೆ ಇರುತ್ತಿರಲಿಲ್ಲ. ಒಂದು, ಯಾರು ಯಾರನ್ನು ಕರೆದರೂ, ಒಂದೇ ಸಲ ಕರೆದರೂ, ತಕ್ಷಣ 'ಓ' ಅನ್ನಬೇಕು. "ವಾಟ್ ಅನ್ಬೇಡಿ, ಯಾ ಅನ್ಬೇಡಿ. ಓ ಅನ್ನಿ. ದೂರಕ್ಕೆ ಕೇಳೋದು ಅದೊಂದೇ." ಎರಡನೆಯದು, ತಮ್ಮನ್ನು ಹೆಸರು ಹಿಡಿದು ಕರೆಯಬಾರದು. "ಆಂಟಿ ಅನ್ನಿ, ಮುದುಕಿ ಅನ್ನಿ, ಹೆಸರು ಮಾತ್ರ ಬೇಡ." ವಯಸ್ಸಾದವರ ಗತ್ತು ಇರಬೇಕು ಎಂದುಕೊಂಡೆವು. ಅವರ ಹೆಸರು ನನಗೆ ಗೊತ್ತು, ಚಂದದ ಹೆಸರು. ಇಲ್ಲೂ ಅದನ್ನು ಬರೆಯುವುದಿಲ್ಲ.

ಎರಡನೆಯ ಸಲ ಹೋದಾಗ ಆ ಘಟನೆ ನಡೆಯಿತು. ಬಿಸಿಲು ಇಳಿದು ಸಣ್ಣಗೆ ಹಿಮ ಉದುರುತ್ತಿತ್ತು. ಚೆನ್ನಾಗಿ ಕಲಿತುಬಿಟ್ಟೆ ಎಂಬ ಜಂಬದಲ್ಲಿ ನಾನೊಬ್ಬಳೇ ಮುಂದೆ ಬಂದು ಒಂದು ತಿರುವು ದಾಟಿದ್ದೆ. ಹಿಂದಿನಿಂದ ಆಂಟಿ ನನ್ನ ಹೆಸರು ಕರೆದರು. ಸ್ಪಷ್ಟವಾಗಿ ಕೇಳಿಸಿತು. ನಾನು ನಿಂತೆ, ಆದರೆ ಬಾಯಿ ತೆರೆಯಲಿಲ್ಲ. ಬೇಕೆಂದೇ ಮಾಡಿದ್ದಲ್ಲ. ಹೊತ್ತು ಮುಳುಗುವಾಗ ಹೊರಗೆ ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು, ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ದೆವ್ವಕ್ಕೆ ಅದು ಆಗದು ಎಂದು ನಮ್ಮಜ್ಜಿ ತುತ್ತಿನ ಜೊತೆ ತಿನ್ನಿಸಿದ್ದರು. ತುಮಕೂರಿನ ನಮ್ಮ ಓಣಿಯ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ಇಂಜಿನಿಯರಿಂಗ್ ಓದಿದರೂ ಆ ಹೊತ್ತಿಗೆ, ಆ ಕಾಡಿನಲ್ಲಿ, ನಾಲಿಗೆ ಅಜ್ಜಿಯ ಮಾತನ್ನೇ ಕೇಳಿತು.

ತಿರುವಿನಲ್ಲಿ ಆಂಟಿ ಕಾಣಿಸಿಕೊಂಡರು. ಅಷ್ಟು ವೇಗವಾಗಿ ಅವರು ಬಂದುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಬಂದವರೇ ನನ್ನ ಜಾಕೆಟ್ಟಿನ ಕಾಲರ್ ಹಿಡಿದರು.

"ಯಾಕೆ ಓ ಅನ್ಲಿಲ್ಲ?"

"ಇನ್ನೆರಡು ಸಲ ಕರೀಲಿ ಅಂತ ಕಾದೆ, ಆಂಟಿ. ನಮ್ಮಜ್ಜಿ ಹೇಳೋರು..." ಎಂದು ನಗಲು ನೋಡಿದೆ.

ಅವರು ಕಾಲರ್ ಬಿಟ್ಟರು. ಹಾಗೆಯೇ ಹಿಮದ ಮೇಲೆ ಕುಸಿದು ಕೂತರು, ಅವರೇ ಕಲಿಸಿದ ರೀತಿಯಲ್ಲಲ್ಲ. "ನಿಮ್ಮಜ್ಜೀನೂನಾ?" ಎಂದಷ್ಟೇ ಕೇಳಿದರು.

ವಾಪಸು ಬರುವಾಗ ಹಿಂದಿನ ಸೀಟಿನವರೆಲ್ಲ ನಿದ್ದೆ ಹೋಗಿದ್ದರು. ಆಂಟಿ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಮಾತಾಡಿದರು.

"ನಾನು ಮದುವೆಯಾಗಿ ಬಂದ ಮೊದಲ ಚಳಿಗಾಲ. ಇವರಿಗೆ ಹಿಮ ಅಂದ್ರೆ ಹುಚ್ಚು. ಇದೇ ಕಾಡು, ಇದೇ ದಾರಿ, ನೀನು ನಿಂತಿದ್ಯಲ್ಲ ಅದೇ ತಿರುವು. ನಾನು ಮುಂದೆ, ಅವರು ಹಿಂದೆ. ಅವರು ಯಾವತ್ತೂ ನನ್ನ ಹೆಸರು ಹಿಡಿದು ಕರೆದೋರಲ್ಲ. 'ಇವಳೇ' ಅನ್ನೋರು. ಕೇಳ್ತಾ ಇವಳೇ, ಕಾಫಿ ಆಯ್ತಾ ಇವಳೇ. ಅವತ್ತು ಹಿಂದಿನಿಂದ ನನ್ನ ಹೆಸರು ಕೇಳಿಸ್ತು. ದನಿ ಅವರದೇ. ಒಂದೇ ಸಲ."

ವೈಪರ್ ಹಿಮವನ್ನು ಒರೆಸುತ್ತಿತ್ತು. ಮುಂದಿನದನ್ನು ನಾನು ಊಹಿಸಿದ್ದೆ.

"ಅವರಾಗಿದ್ರೆ ಇವಳೇ ಅಂತಿದ್ರು, ಇದು ಬೇರೆ ಏನೋ ಅಂದ್ಕೊಂಡೆ. ಬಾಯಿ ಮುಚ್ಕೊಂಡು ನಿಂತೆ, ಎರಡನೇ ಸಲ ಕರೀಲಿ ಅಂತ. ಕರೀಲೇ ಇಲ್ಲ. ಸದ್ಯ, ಓ ಅನ್ಲಿಲ್ವಲ್ಲ, ಬಚಾವಾದೆ ಅಂದ್ಕೊಂಡು ನಾವು ಇಳ್ಕೊಂಡಿದ್ದ ಕ್ಯಾಬಿನ್‌ಗೆ ಹೋಗಿ ಬೆಂಕಿ ಮುಂದೆ ಕೂತೆ ಕಣೇ. ಬಚಾವಾದೆ ಅಂದ್ಕೊಂಡೆ!"

ದಾರಿಯ ಪಕ್ಕದಲ್ಲಿ ತೊರೆಯೊಂದು ಹೆಪ್ಪುಗಟ್ಟಿತ್ತು, ಮೇಲೆ ಹಿಮ ಮುಚ್ಚಿದ್ದರಿಂದ ಅದು ತೊರೆ ಎಂದು ತಿಳಿಯುವಂತಿರಲಿಲ್ಲ. ಆಂಟಿಯ ಗಂಡ ಅದರ ಮೇಲೆ ಕಾಲಿಟ್ಟಿದ್ದರು, ಮಂಜುಗಡ್ಡೆ ಒಡೆದಿತ್ತು. ಎಷ್ಟು ಹೊತ್ತಾದರೂ ಬಾರದಿದ್ದಾಗ ಅಕ್ಕಪಕ್ಕದ ಕ್ಯಾಬಿನ್ನುಗಳವರೆಲ್ಲ ಹುಡುಕಲು ಹೊರಟರು, ಆಂಟಿ ಟೋಪಿಯೂ ಇಲ್ಲದೆ ಓಡಿದ್ದರು. ಗಂಡನ ದೇಹ ಸಿಕ್ಕಿದ್ದು ಮರುದಿನ. ಅವರ ಒಬ್ಬಳೇ ಮಗಳು ಆಗಿನ್ನೂ ಆಂಟಿಯ ಹೊಟ್ಟೆಯಲ್ಲಿದ್ದಳು.

"ಅಷ್ಟು ತಣ್ಣನೆ ನೀರಲ್ಲಿ ಎರಡನೇ ಸಲ ಕರೆಯೋಕೆ ಉಸಿರೇ ಇರಲ್ಲ ಆಂಟಿ" ಎಂದೆ. ಏನಾದರೂ ಹೇಳಬೇಕಿತ್ತು.

"ಡಾಕ್ಟರೂ ಹಾಗೇ ಅಂದ್ರು. ಆದ್ರೆ ಅವರು ಕರೆದಿದ್ದು ಡಾಕ್ಟರನ್ನಲ್ವಲ್ಲ. ಕರೆಯೋಕೆ ಆಗ್ಲಿಲ್ವೋ, ಇವಳು ಓಗೊಡಲ್ಲ ಅಂತ ಸುಮ್ಮನಾದ್ರೋ? ಅದೊಂದು ಗೊತ್ತಾಗಿದ್ರೆ ಸಾಕಿತ್ತು."

ಮಗಳಿಗೆ ಇದನ್ನು ಹೇಳಿದ್ದೀರಾ ಎಂದು ಕೇಳಿದೆ. "ಹಿಮದಲ್ಲಿ ಆಕ್ಸಿಡೆಂಟ್ ಆಯ್ತು ಅಂತ ಗೊತ್ತು. ಅಪ್ಪ ಇಲ್ಲದ್ದೇ ಸಾಕು ಅವಳಿಗೆ, ಆ ದನೀನೂ ಯಾಕೆ ಕೊಡ್ಲಿ? ನೀನೂ ಹೇಳ್ಬೇಡ."

ಆಮೇಲೆ ಪ್ರತಿ ಚಳಿಗಾಲವೂ ನಾನು ಅವರ ಜೊತೆ ಹೋದೆ. ಅಂಥ ಜಾಗಕ್ಕೆ ಮತ್ತೆ ಮತ್ತೆ ಯಾಕೆ ಹೋಗುತ್ತಾರೆ ಎಂದು ಕೇಳಬೇಕಾಗಿ ಬರಲಿಲ್ಲ. ಆ ತಿರುವು ಬಂದಾಗ ಆಂಟಿ ನಮ್ಮನ್ನು ಮುಂದೆ ಕಳಿಸಿ ಹಿಂದೆ ಉಳಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಮರಗಳ ನಡುವಿನಿಂದ ಉದ್ದನೆಯ ಒಂದು 'ಓ' ಕೇಳಿಬರುತ್ತಿತ್ತು. ಹೊಸ ಹುಡುಗರು ತಮ್ಮನ್ನೇ ಕೂಗಿದರೆಂದು ತಾವೂ 'ಓ' ಎಂದು ಕಿರುಚಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಕಾಡಿನಲ್ಲಿ ನನ್ನ ಬೆನ್ನ ಹಿಂದೆ ಯಾರೋ ಆಗಷ್ಟೇ ಬಾಯಿ ತೆರೆದಿದ್ದಾರೆ ಅನಿಸುತ್ತಿತ್ತು. ಹೋಬೋಕನ್‌ನ ನನ್ನ ರೂಮಿನಲ್ಲೂ, ಸ್ನಾನ ಮಾಡುವಾಗ ಯಾರೋ ಕರೆದಂತಾಗಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟದ್ದುಂಟು. ಆಂಟಿ ಮಾತ್ರ ಹಿಂದಿನಿಂದ ಬಂದು ನಮ್ಮನ್ನು ಕೂಡಿಕೊಂಡು, "ಯಾರ್ರೋ ಅದು ಇಷ್ಟು ಸ್ಲೋ? ಮದುವೆ ದಿಬ್ಬಣಾನಾ ಇದು?" ಎಂದು ರೇಗಿಸುತ್ತ ಮುಂದೆ ಸಾಗುತ್ತಿದ್ದರು. ಹೀಗೆ ಅವರು ಎಷ್ಟು ಜನ ಹೊಸಬರ ಚಳಿಗಾಲವನ್ನು ಉಳಿಸಿಕೊಟ್ಟರೋ ಲೆಕ್ಕವಿಲ್ಲ. ನನ್ನದನ್ನಂತೂ ಉಳಿಸಿದರು.

ಹೋದ ವರ್ಷ ಹಿಮ ಕರಗುವ ಹೊತ್ತಿಗೆ ಅವರಿಗೆ ಸ್ಟ್ರೋಕ್ ಆಯಿತು. ಮಗಳ ಮನೆ ಹಿಕ್ಸ್‌ವಿಲ್‌ನಲ್ಲಿ, ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ನಾನು ಹೋದಾಗ ಮಧ್ಯಾಹ್ನ. ಆಂಟಿಯ ಕಣ್ಣು ಮುಚ್ಚಿತ್ತು, ಉಸಿರು ಬಹಳ ಬಿಟ್ಟು ಬಿಟ್ಟು ಬರುತ್ತಿತ್ತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ನರ್ಸ್ ಮೆಲ್ಲಗೆ ಹೇಳಿ ಹೋದಳು.

ಮಗಳು ಮಂಚದ ಆ ಕಡೆ ಕೂತಿದ್ದಳು. ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅದರಲ್ಲೇ ಮುಖ ಹುದುಗಿಸಿದ್ದಳು.

"ಅಮ್ಮಾ" ಎಂದು ಕರೆದಳು.

ಆಂಟಿ ಅಲುಗಲಿಲ್ಲ.

"ಅಮ್ಮಾ. ಕ್ಯಾನ್ ಯು ಹಿಯರ್ ಮಿ?"

ಮುಂದಿನದು ನನಗೆ ಕಾಣತೊಡಗಿತು. ಇವಳು ಮೂರನೇ ಸಲ ಕರೆಯುತ್ತಾಳೆ, ಆಗಲೂ ಇವರು ಓಗೊಡುವುದಿಲ್ಲ. ಇನ್ನು ಬದುಕಿಡೀ ಇವಳೂ, ಅಮ್ಮನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಾದಳೋ ಎಂದು ಕೇಳಿಕೊಳ್ಳುತ್ತಿರುತ್ತಾಳೆ. ಆಂಟಿ ಯಾವುದನ್ನು ಮಗಳಿಗೆ ಕೊಡಬಾರದು ಎಂದಿದ್ದರೋ ಅದೇ ಅವಳ ಪಾಲಿಗೆ ಬರುವುದರಲ್ಲಿತ್ತು.

"ಅಮ್ಮಾ!"

ನಾನು ದಿಂಬಿನ ಹತ್ತಿರಕ್ಕೆ ಬಗ್ಗಿದೆ. ಆಂಟಿಯ ದನಿಯನ್ನು ಅಷ್ಟು ಚಳಿಗಾಲ ಕೇಳಿದ್ದೆನಲ್ಲ, ಅದೇ ದನಿಯಲ್ಲಿ, ಉಸಿರಿನಷ್ಟೇ ಸಣ್ಣಗೆ, "ಓ" ಎಂದೆ.

ಮಗಳು ತಟ್ಟನೆ ಮುಖ ಎತ್ತಿದಳು. "ಡಿಡ್ ಯು ಹಿಯರ್ ದಟ್? ಅಮ್ಮ ಓ ಅಂದ್ರು! ನಿಮಗೂ ಕೇಳಿಸ್ತಲ್ವಾ?"

"ಕೇಳಿಸ್ತು" ಎಂದೆ.

ಆಂಟಿ ಸಂಜೆಯೊಳಗೆ ತೀರಿಕೊಂಡರು. ಅಮ್ಮನ ಕೊನೆಯ ಮಾತು ತಾನು ಕರೆದದ್ದಕ್ಕೆ ಓಗೊಟ್ಟದ್ದು ಎಂದು ಮಗಳು ಈಗಲೂ ಎಲ್ಲರಿಗೂ ಹೇಳುತ್ತಾಳೆ. ಹೇಳುವಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ, ಅಂಥದ್ದನ್ನು ಆಂಟಿಯ ಮುಖದಲ್ಲಿ ನಾನು ಒಂದು ದಿನವೂ ಕಾಣಲಿಲ್ಲ. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆದಿದ್ದೇನೆ.