ಬೇಡದ್ದರ ಡಬ್ಬಿ

ಬದನಗುಪ್ಪೆಯ ಒಂದು ಕಾರ್ಖಾನೆಯ ಗೇಟಿಗೆ ದೊಡ್ಡ ಬೋರ್ಡ್ ಬೇಕಿತ್ತು: ‘ನಮ್ಮ ಕಾರ್ಮಿಕರೇ ನಮ್ಮ ಕುಟುಂಬ’. ಕುಟುಂಬದವರು ಅಲ್ಲೇ ಒಳಗೆ ಪ್ಯಾಕಿಂಗ್ ಮಾಡುತ್ತಿದ್ದರು. ಆದರೆ ಮ್ಯಾನೇಜರಿಗೆ ಎಐ ಚಿತ್ರವೇ ಆಗಬೇಕು, ಈಗೆಲ್ಲ ಅದೇ ಸ್ಟ್ಯಾಂಡರ್ಡ್ ಅಂತೆ. ಗುಂಡ್ಲುಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ನನ್ನನ್ನು ಕರೆಸಿದರು.

ಅವರ ಕಂಪ್ಯೂಟರಿನಲ್ಲಿ ಚಿತ್ರ ಮಾಡುವ ಎಐ ಸಾಫ್ಟ್‌ವೇರ್ ತೆರೆದು, ಪರದೆಯ ಮೇಲೆ ಅದರ ಡಬ್ಬಿಗಳನ್ನು ಹರಡಿ, ಒಂದರಿಂದ ಇನ್ನೊಂದಕ್ಕೆ ವೈರ್ ಎಳೆದಂತೆ ಗೆರೆ ಎಳೆದೆ. ಒಂದು ಡಬ್ಬಿಯಲ್ಲಿ ಚಿತ್ರಕ್ಕೆ ಏನು ಬೇಕೋ ಅದನ್ನು ಬರೆಯಬೇಕು, ಇನ್ನೊಂದರಲ್ಲಿ ಏನು ಬೇಡವೋ ಅದನ್ನು. ಬೇಕಾದ್ದಕ್ಕೆ ಮ್ಯಾನೇಜರ್ ‘ನಗುವ ಕಾರ್ಮಿಕರು’ ಎಂದಷ್ಟೇ ಹೇಳಿದರು. ಬೇಡದ್ದಕ್ಕೆ ಮಾತ್ರ ಅವರ ಬಾಯಿ ನಿಲ್ಲಲೇ ಇಲ್ಲ: ಕಪ್ಪು ಬಣ್ಣ, ನರೆಗೂದಲು, ಬೆವರು, ಸುಕ್ಕು, ಉಬ್ಬುಹಲ್ಲು. ನಾನೂ ಒಂದನ್ನೂ ಬಿಡದೆ ಟೈಪ್ ಮಾಡಿದೆ.

ಅಷ್ಟರಲ್ಲಿ ಪ್ಯಾಕಿಂಗಿನ ಮಾದಮ್ಮ ಬಂದರು. ಫೋಟೋ ತೆಗೆಯುತ್ತಾರೆಂಬ ಸುದ್ದಿ ನಂಬಿ, ಹೊಸ ಸೀರೆಯುಟ್ಟು ಮಲ್ಲಿಗೆ ಮುಡಿದು ಉಮ್ಮತ್ತೂರಿನಿಂದ ಬಸ್ ಹತ್ತಿದ್ದರಂತೆ.

“ಇದ್ಯಾನಪ್ಪ ಬರ್ದಿರದು?” ಎಂದು ಪರದೆ ತೋರಿಸಿ ಕೇಳಿದರು. ಬೇಡದ್ದರ ಪಟ್ಟಿಯನ್ನು ಓದಿ ಹೇಳಿದೆ. ಯಾಕೆ ಹೇಳಿದೆನೋ.

“ಅಯ್ಯೋ, ನನ್ನ ನೋಡ್ದಲೇ ನನ್ನೇ ಬರ್ದ್‌ಬುಟ್ಟಿದ್ದೀಯಲ್ಲಪ್ಪ!” ಎಂದು ನಕ್ಕು, ಅವರು ಕೆಲಸಕ್ಕೆ ಹೋದರು.

ಚಿತ್ರ ಬಂತು. ಐದು ಜನ, ಹಾಲಿನಲ್ಲಿ ಅದ್ದಿ ತೆಗೆದಂತಿದ್ದರು. ಜನ್ಮದಲ್ಲಿ ಒಂದು ಪೆಟ್ಟಿಗೆ ಎತ್ತಿದ ಕಳೆ ಒಬ್ಬರ ಮುಖದಲ್ಲೂ ಇರಲಿಲ್ಲ. ಮ್ಯಾನೇಜರ್ ಮೆಚ್ಚಿಕೊಂಡು, “ಸ್ವಲ್ಪ ಲೋಕಲ್ ಟಚ್ ಕೊಡಿ. ಹೆಂಗಸರಿಗೆ ಮಲ್ಲಿಗೆ ಮುಡಿಸಿ” ಎಂದರು.

ಮುಡಿಸಿದೆ. ಮಾದಮ್ಮನದು ಅಷ್ಟಾದರೂ ಬೋರ್ಡ್ ಹತ್ತಿತು.